ತಣ್ಣಗಿದೆ ಎನ್ನುವ ಮುಳ್ಳನ್ನೇ ಮೊದಲು ಅನುಮಾನಿಸಿ

ಸಣ್ಣ ಟ್ರ್ಯಾಕ್ಟರಿಗೆ ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸುವವರು ಗಾಡಿಯನ್ನು ಜೋಪಾನ ಮಾಡುವ ಜನ. ಅವರನ್ನು ಕಂಡರೆ ನನಗೆ ಇಷ್ಟ. ಆದರೆ ಸೋರೀತೆಂಬ ಭಯಕ್ಕೆ ಸೆನ್ಸರಿನ ಥ್ರೆಡ್ಡಿಗೆ ಏಳೆಂಟು ಸುತ್ತು ಟೆಫ್ಲಾನ್ ಟೇಪ್ ಸುತ್ತಿ ತರುವವರೂ ಅವರೇ. ದಯವಿಟ್ಟು ಬೇಡ.

ಒಂಟಿ ವೈರಿನ ಸೆನ್ಸರಿಗೆ ಅರ್ತ್, ಅಂದರೆ ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ, ಸಿಗುವುದು ಅದರ ಮೈಯಿಂದ, ಆ ಥ್ರೆಡ್ಡಿನಿಂದಲೇ. ನಡುವೆ ಟೇಪ್ ಬಂದರೆ ಆ ದಾರಿ ಕೆಡಬಹುದು. ಒಳಗಿರುವ ಥರ್ಮಿಸ್ಟರ್ (ಶಾಖ ಅಳೆಯುವ ತುಣುಕು) ಕಾದಷ್ಟೂ ಅದರ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತದೆ. ಮೀಟರಿಗೆ ಎಣ್ಣೆ ಕಾಣುವುದಿಲ್ಲ, ಓಮ್ ಮಾತ್ರ ಕಾಣುತ್ತದೆ. ಓಮ್ ಹೆಚ್ಚಿದ್ದರೆ ತಣ್ಣಗಿದೆ ಎಂದೇ ತೋರಿಸುತ್ತದೆ. ತಣ್ಣಗಿರುವಾಗ ಸೆನ್ಸರಿನಲ್ಲೇ ನೂರಾರು ಓಮ್ ಇರುವುದರಿಂದ ಕೆಟ್ಟ ಅರ್ತಿನ 10 ಓಮ್ ಗೊತ್ತೇ ಆಗುವುದಿಲ್ಲ. ಕಾದಾಗ ಕೆಲವು ಸೆನ್ಸರುಗಳು 40 ಓಮಿನ ಆಸುಪಾಸಿಗೆ ಇಳಿಯುತ್ತವೆ. ಆಗ ಅದೇ 10 ಓಮ್ ಹತ್ತು ಡಿಗ್ರಿಯನ್ನು ನುಂಗಿಬಿಡಬಹುದು. ವೈರು ಪೂರ್ತಿ ಕಡಿದುಹೋದರೂ ಮುಳ್ಳು ತಣ್ಣನೆಯ ಕಡೆಗೇ ಮಲಗುತ್ತದೆ.

‘ನಾನು ಟೇಪ್ ಸುತ್ತಿದ್ದೇನೆ, ಸರಿಯಾಗೇ ಇದೆಯಲ್ಲ?’ ಎನ್ನುತ್ತಾರೆ. ಇರಬಹುದು. ಬಿಗಿಯುವಾಗ ಲೋಹ ಟೇಪನ್ನು ಕೊಯ್ದು ತಾಗಿರುತ್ತದೆ. ಎಲ್ಲ ಸಲವೂ ತಾಗುತ್ತದೆಂದು ನಾನಂತೂ ಹೇಳಲಾರೆ. ಸೋರಿಕೆಯ ಚಿಂತೆಯಿದ್ದರೆ ಥ್ರೆಡ್ಡಿನ ಮೊದಲ ಒಂದೆರಡು ಸುತ್ತು ಬಿಟ್ಟು ತೆಳುವಾಗಿ ದ್ರವ ಸೀಲೆಂಟ್ ಹಚ್ಚಿ. ಮೊದಲು ಥ್ರೆಡ್ ಯಾವುದೆಂದು ನೋಡಿಕೊಳ್ಳಿ: ಅಮೆರಿಕದ ಪೈಪ್ ಥ್ರೆಡ್ಡಾದ 1/8 ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಬ್ರಿಟಿಷ್ ಥ್ರೆಡ್ಡಾದ 1/8 ಬಿಎಸ್‌ಪಿಟಿಯಲ್ಲಿ 28. ಒಂದರಲ್ಲಿ ಇನ್ನೊಂದು ಕೂತಂತೆ ಕಂಡರೂ ಸೋರುತ್ತದೆ.

ಹೈಡ್ರೋಸ್ಟಾಟಿಕ್ (ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ) ಗಾಡಿಯವರೊಬ್ಬರು ಬಂದಿದ್ದರು. ‘ಮುಳ್ಳು 60 ದಾಟಿಲ್ಲ ಸಾರ್, ಆದ್ರೂ ಒಂದೆರಡು ತಾಸು ಓಡಿದ ಮೇಲೆ ಏರಿನಲ್ಲಿ ಎಳೆಯಲ್ಲ.’ ಟೇಪ್ ಇರಲಿಲ್ಲ. ಆಯಿಲ್ ಕೂಲರಿಗೆ ಹೋಗುವ ರಬ್ಬರ್ ಹೋಸ್ ಕತ್ತರಿಸಿ ಟೀ (T ಆಕಾರದ ಲೋಹದ ಜಾಯಿಂಟ್) ಹಾಕಿ, ಅದರಲ್ಲಿ ಸೆನ್ಸರ್ ಕೂರಿಸಿದ್ದರು. ಎರಡೂ ಕಡೆ ರಬ್ಬರ್. ಅರ್ತ್ ಎಲ್ಲಿಂದ ಬರಬೇಕು? ಪೇಂಟಿನ ಮೇಲೆ ಬಿಗಿದ ಕ್ಲಾಂಪೊಂದು ಅಲ್ಲಿ ಇಲ್ಲಿ ತಾಗುತ್ತಿತ್ತು, ಅಷ್ಟೆ. ಟೀಯಿಂದ ಚಾಸಿಗೆ ಬೇರೆ ವೈರು ಎಳೆದು ಅದೇ ಕೆಲಸ ಮಾಡಿಸಿದೆ. ಮುಳ್ಳು 90 ದಾಟಿತು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಕೂಲರ್ ಬಿಚ್ಚಿದರೆ ರೆಕ್ಕೆಗಳ ಸಂದಿನಲ್ಲೆಲ್ಲ ಒಣಹುಲ್ಲಿನ ಹೊಟ್ಟು.

ಎಷ್ಟು ಡಿಗ್ರಿ ಹೆಚ್ಚೆಂಬುದಕ್ಕೆ ನಿಮ್ಮ ಗಾಡಿಯ ಮ್ಯಾನುಯಲ್ ನೋಡಿ. ಅದಕ್ಕೂ ಮೊದಲು ಇಗ್ನಿಷನ್ ಆಫ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸೆನ್ಸರಿನ ಷಟ್ಕೋನ ಮೈಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. ಓಮ್ ಸೊನ್ನೆಯ ಹತ್ತಿರ ಇರಬೇಕು.