ಹಿಸ್ಟೋಗ್ರಾಮ್ ಬರದಿದ್ದರೆ ಮೊದಲು ಕಾಲಂ ನೋಡಿ

ರಾಯಚೂರಿನಲ್ಲಿ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅಂಕಿಅಂಶದ ಕೆಲಸದಲ್ಲಿ ನೆರವಾಗುತ್ತೇನೆ. ಹತ್ತಿ ಧಾರಣೆ ಹೇಗೆ ಹರಡಿದೆ ಎಂದು ನೋಡಲು ಆರ್ ಸಾಫ್ಟ್‌ವೇರಿನಲ್ಲಿ ಹಿಸ್ಟೋಗ್ರಾಮ್ (ಯಾವ ಬೆಲೆಯ ಆಸುಪಾಸಿನಲ್ಲಿ ಎಷ್ಟು ದಿನ ಎಂದು ಕಂಬಗಳಲ್ಲಿ ತೋರಿಸುವ ಚಿತ್ರ) ತೆಗೆಯಲು ಕೂತವರನ್ನು ತುಂಬಾ ದಾರಿ ತಪ್ಪಿಸುವ ಸಂದೇಶ ಒಂದಿದೆ: ‘ಇನ್‌ವ್ಯಾಲಿಡ್ ನಂಬರ್ ಆಫ್ ಬ್ರೇಕ್ಸ್’. ಅದನ್ನು ನಂಬಿ ಬ್ರೇಕ್ಸ್ (ಕಂಬಗಳ ನಡುವಿನ ಗಡಿ) ಸಂಖ್ಯೆಯನ್ನೇ ಬದಲಿಸುತ್ತಾ ಕೂತರೆ ಸಂಜೆಯಾದರೂ ಚಿತ್ರ ಬರುವುದಿಲ್ಲ.

ಗಂಜಿನ (ಕೃಷಿ ಮಾರುಕಟ್ಟೆಯ) ಧಾರಣೆಯನ್ನು ಎಕ್ಸೆಲ್‌ಗೆ ಹಾಕಿದ ಕಾಲಂ ಹೀಗಿರುತ್ತದೆ ಅನ್ನಿ: 7,150, 6,980, ರಜೆ, 7,020. ಅಲ್ಪವಿರಾಮ, ‘ರಜೆ’ ಎಂಬ ಪದ ಎರಡೂ ಇರುವುದರಿಂದ ಆರ್ ಇಡೀ ಕಾಲಂ ಅನ್ನು ಪಠ್ಯ ಎಂದೇ ಓದುತ್ತದೆ. ಆಗ ಬರುವ ‘ಎಕ್ಸ್ ಮಸ್ಟ್ ಬಿ ನ್ಯೂಮರಿಕ್’ (ಕೊಟ್ಟದ್ದು ಸಂಖ್ಯೆಯಾಗಿರಬೇಕು) ಒಳ್ಳೆಯ ಸಂದೇಶ, ಇದ್ದದ್ದನ್ನೇ ಹೇಳುತ್ತದೆ. ಎಡವಟ್ಟಾಗುವುದು ಅದರ ನಂತರ. ವಿದ್ಯಾರ್ಥಿ ಕಾಲಂ ಅನ್ನು ನೇರವಾಗಿ ನ್ಯೂಮರಿಕ್ ಮಾಡುತ್ತಾರೆ. ಅಲ್ಪವಿರಾಮವಿರುವ ಸಂಖ್ಯೆ ಆರ್‌ಗೆ ಅರ್ಥವಾಗದು; ಪ್ರತಿ ಸಾಲನ್ನೂ ಎನ್‌ಎ (ಮೌಲ್ಯವಿಲ್ಲ ಎಂಬ ಗುರುತು) ಮಾಡಿ, ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಹಿಸ್ಟೋಗ್ರಾಮ್ ಎನ್‌ಎಗಳನ್ನು ಬಿಟ್ಟು ಎಣಿಸಿದರೆ ಉಳಿಯುವುದು ಸೊನ್ನೆ ಸಾಲು. ಎಷ್ಟು ಕಂಬ ಬೇಕು ಎಂದು ಅದು ನಿರ್ಧರಿಸುವುದು ಸ್ಟರ್ಜಸ್ 1926ರಲ್ಲಿ ಕೊಟ್ಟ ಸೂತ್ರದಿಂದ: ಸಾಲುಗಳ ಸಂಖ್ಯೆಗೆ ಆಧಾರ 2ರ ಲಾಗ್ ತೆಗೆದು 1 ಕೂಡಿಸುವುದು. ಸೊನ್ನೆಯ ಲಾಗ್ ಋಣ ಅನಂತ. ಅಷ್ಟು ಕಂಬ ಹಾಕಲಾರದೆ ಅದು ಬ್ರೇಕ್ಸ್ ಮೇಲೆ ದೂರು ಹೇಳುತ್ತದೆ.

ಮೊದಲು ಅಲ್ಪವಿರಾಮ ತೆಗೆಯಿರಿ, ಆಮೇಲೆ ನ್ಯೂಮರಿಕ್ ಮಾಡಿ. ಬಳಿಕ ಎನ್‌ಎ ಎಷ್ಟಿವೆ ಎಂದು ಎಣಿಸಿ, ಮಾರುಕಟ್ಟೆಯ ರಜೆ ದಿನಗಳ ಲೆಕ್ಕಕ್ಕೆ ತಾಳೆ ನೋಡಿ. ಇದನ್ನು ಯಾರೂ ತಪ್ಪಿಸಬಾರದು ಎಂಬುದು ನನ್ನ ಹಟ. ಹೆಚ್ಚಿದ್ದರೆ ಟೈಪ್ ಮಾಡುವಾಗ ಎಲ್ಲೋ ಅಕ್ಷರ ನುಸುಳಿದೆ.

ದೋಷದ ಸಂದೇಶವೇ ಬಾರದ ಸಂದರ್ಭ ಇದಕ್ಕಿಂತ ಅಪಾಯದ್ದು. 2020ರಲ್ಲಿ ಬಂದ 4.0.0 ಆವೃತ್ತಿಗೆ ಮೊದಲು, ಸಿಎಸ್‌ವಿ ಓದುವಾಗ ಆರ್ ಪಠ್ಯವನ್ನು ತಾನಾಗಿಯೇ ಫ್ಯಾಕ್ಟರ್ (ಪ್ರತಿ ಬೇರೆ ಪದಕ್ಕೂ ಒಳಗೊಂದು ಕ್ರಮಸಂಖ್ಯೆ ಕೊಟ್ಟ ವರ್ಗಗಳ ಕಾಲಂ) ಮಾಡುತ್ತಿತ್ತು. ಸೀನಿಯರ್‌ಗಳಿಂದ ಬಂದ ಹಳೆಯ ಕೋಡ್‌ನಲ್ಲಿ ಫ್ಯಾಕ್ಟರ್ ಮಾಡು ಎಂಬ ಆಯ್ಕೆಯನ್ನು ಬರೆದೇ ಇಟ್ಟಿದ್ದರೆ ಈಗಲೂ ಹಾಗೇ ಆಗುತ್ತದೆ. ಫ್ಯಾಕ್ಟರ್ ಅನ್ನು ನೇರವಾಗಿ ನ್ಯೂಮರಿಕ್ ಮಾಡಿದರೆ ಸಿಗುವುದು ಧಾರಣೆಯಲ್ಲ, 1, 2, 3 ಎಂಬ ಒಳಗಿನ ಕ್ರಮಸಂಖ್ಯೆ. ಚಿತ್ರ ಅಂದವಾಗಿಯೇ ಬರುತ್ತದೆ, ಪ್ರಬಂಧಕ್ಕೂ ಸೇರಿಬಿಡುತ್ತದೆ. ಅಡ್ಡ ಅಕ್ಷ ನೋಡಿ: ಕ್ವಿಂಟಲ್ ಹತ್ತಿಗೆ 40 ರೂಪಾಯಿ, 90 ರೂಪಾಯಿ ಎಂದಿದ್ದರೆ ಅಲ್ಲೇ ನಿಲ್ಲಿಸಿ. ಫ್ಯಾಕ್ಟರನ್ನು ಮೊದಲು ಕ್ಯಾರೆಕ್ಟರ್ (ಪಠ್ಯ) ಮಾಡಿ, ಅಲ್ಪವಿರಾಮ ತೆಗೆದು, ಕೊನೆಗೆ ನ್ಯೂಮರಿಕ್ ಮಾಡಬೇಕು.

ರಜೆ ದಿನಕ್ಕೆ 0 ಹಾಕುವ ಅಭ್ಯಾಸವೂ ಇದೆ. ದಯವಿಟ್ಟು ಬೇಡ. ಎಡಗಡೆ ಸುಳ್ಳು ಕಂಬವೊಂದು ಎದ್ದು ಸರಾಸರಿಯನ್ನೂ ಕೆಳಗೆಳೆಯುತ್ತದೆ.

ಕಂಬಗಳ ಬದಲು ಹರಡುವಿಕೆಯನ್ನು ನಯವಾಗಿ ತೋರಿಸುವ ಡೆನ್ಸಿಟಿ ಗೆರೆ ತೆಗೆದಾಗ ಲಂಬ ಅಕ್ಷದಲ್ಲಿ 0.0004ರಂಥ ಅಂಕಿ ಕಂಡು ಕೆಲವರು ಗಾಬರಿಯಾಗುತ್ತಾರೆ. ಅದು ದೋಷವಲ್ಲ. ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ 1 ಆಗಬೇಕು. ರೂಪಾಯಿಯ ಅಕ್ಷ ಸಾವಿರಗಟ್ಟಲೆ ಅಗಲವಿರುವುದರಿಂದ ಎತ್ತರ ಅಷ್ಟು ಕಡಿಮೆ. ಅದೇ ಧಾರಣೆಯನ್ನು ಸಾವಿರ ರೂಪಾಯಿಗಳಲ್ಲಿ ಬರೆದರೆ 0.4 ಆಗುತ್ತದೆ, ಗೆರೆಯ ಆಕಾರ ಬದಲಾಗುವುದಿಲ್ಲ.