‘ಆಪ್ತಮಿತ್ರ’ದ ನಾಗವಲ್ಲಿ ತೆಲುಗು ಮಾತಾಡಿದ್ದು ಸಣ್ಣ ಬದಲಾವಣೆಯಲ್ಲ

ರೀಮೇಕ್ ಅಂದ ತಕ್ಷಣ ನಮ್ಮಲ್ಲಿ ಒಂದು ಮಾತು ರೆಡಿ ಇರುತ್ತದೆ: ಮೂಲವೇ ಚೆನ್ನಾಗಿತ್ತು. 2004ರ ‘ಆಪ್ತಮಿತ್ರ’ಕ್ಕೂ ಅದು ತಪ್ಪಲಿಲ್ಲ. ಈಗಲೂ ಮಲಯಾಳಂ ಮೂಲ ನೋಡಿದವರು ಹಾಗೇ ಹೇಳುತ್ತಾರೆ. ಅರ್ಧ ನಾನೂ ಒಪ್ಪುತ್ತೇನೆ.

ಆ ಮೂಲ, ಫಾಜಿಲ್ ನಿರ್ದೇಶನದ, ಮಧು ಮುಟ್ಟಂ ಬರೆದ ‘ಮಣಿಚಿತ್ರತ್ತಾಳ್’, ಬಂದಿದ್ದು 1993ರ ಡಿಸೆಂಬರ್‌ನಲ್ಲಿ. ಗಂಗಾ ಪಾತ್ರಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಅದು ಗಂಗಾಳ ಕಥೆ: ಮನಸ್ಸಿನ ಕಾಯಿಲೆಯಿಂದ ಆಕೆ, ಹಿಂದೆಂದೋ ಸತ್ತ ನರ್ತಕಿ ನಾಗವಲ್ಲಿಯೇ ತಾನು ಅಂತ ನಂಬುತ್ತಾಳೆ. ಮೋಹನ್‌ಲಾಲ್ ಅಷ್ಟು ದೊಡ್ಡ ಸ್ಟಾರ್, ಆದರೂ ಮನೋವೈದ್ಯ ಡಾಕ್ಟರ್ ಸನ್ನಿಯಾಗಿ ಅವರು ತೆರೆಗೆ ಬರುವುದು ಚಿತ್ರ ಸಾಕಷ್ಟು ಮುಂದೆ ಹೋದ ಮೇಲೆ.

ಕನ್ನಡದಲ್ಲಿ ಆಗ ಡಬ್ಬಿಂಗ್‌ಗೆ ಜಾಗ ಇರಲಿಲ್ಲ. ಬೇರೆ ಭಾಷೆಯ ಕಥೆ ಬರಬೇಕೆಂದರೆ ರೀಮೇಕೇ ದಾರಿ. ದ್ವಾರಕೀಶ್ ಹಣ ಹಾಕಿದರು, ಪಿ. ವಾಸು ನಿರ್ದೇಶಿಸಿದರು. ವಿಷ್ಣುವರ್ಧನ್ ಡಾಕ್ಟರೂ ಆದರು, ಫ್ಲ್ಯಾಶ್‌ಬ್ಯಾಕಿನ ಕ್ರೂರ ರಾಜನೂ ಆದರು. ಜೊತೆಗೆ ಅರಮನೆಯಲ್ಲಿ ಒಂದು ದೊಡ್ಡ ಹಾವು ಸೇರಿಕೊಂಡಿತು. ನನ್ನ ತಕರಾರು ಇಲ್ಲೇ ಇರುವುದು. ಮನಸ್ಸಿನ ಕಾಯಿಲೆಯ ಕಥೆಗೆ ನಿಜವಾದ ಹಾವು ಯಾಕೆ ಬೇಕು? ಇದು ದೆವ್ವ ಅಲ್ಲ, ರೋಗ ಅಂತ ಡಾಕ್ಟರ್ ಒಂದು ಕಡೆ ಹೇಳುತ್ತಿದ್ದರೆ, ಇನ್ನೊಂದು ಕಡೆ ಆ ಹಾವು ಅದೇ ಮಾತನ್ನು ಅಲ್ಲಾಡಿಸುತ್ತದೆ.

ಆದರೆ ಬರೀ ಕಾಪಿ ಅನ್ನುವವರು ಒಂದು ವಿಷಯ ಗಮನಿಸುವುದಿಲ್ಲ. ಮೂಲದಲ್ಲಿ ನಾಗವಲ್ಲಿ ತಂಜಾವೂರಿನ ನರ್ತಕಿ, ಹಾಗಾಗಿ ಮಲಯಾಳಿ ಗಂಗಾ ಇದ್ದಕ್ಕಿದ್ದಂತೆ ತಮಿಳು ಮಾತಾಡುತ್ತಾಳೆ. ಮನೆಯವಳ ಬಾಯಲ್ಲಿ ಪಕ್ಕದ ಊರಿನ ಭಾಷೆ ಬರುತ್ತದಲ್ಲ, ಅರ್ಧ ಅರ್ಥವಾಗುವ ಆ ಭಾಷೆಯಿಂದಲೇ ಭಯ ಹುಟ್ಟುತ್ತದೆ. ಕನ್ನಡದಲ್ಲಿ ಅದು ತೆಲುಗಾಯಿತು. ಆ ಹೊತ್ತಿಗೆ ತೆಲುಗಿನಲ್ಲೂ ದೊಡ್ಡ ತಾರೆಯಾಗಿದ್ದ ನಮ್ಮ ಸೌಂದರ್ಯ ಗಂಗಾ ಆಗಿ ಅದನ್ನು ಆಡಿದಾಗ ಎಲ್ಲೂ ಕೃತಕ ಅನ್ನಿಸಲಿಲ್ಲ. ಗುರುಕಿರಣ್ ಸಂಗೀತದ ‘ರಾ ರಾ’ ಹಾಡು ಇವತ್ತಿಗೂ ಮೈ ಜುಂ ಅನ್ನಿಸುವುದು ಅದಕ್ಕೇ ಅಲ್ವಾ?

ಸೌಂದರ್ಯ ಮಾತ್ರ ಈ ಯಶಸ್ಸು ನೋಡಲಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾಗಿದ್ದು ಆಗಸ್ಟ್‌ನಲ್ಲಿ. ಜನ ಥಿಯೇಟರಿಗೆ ಹೋಗಿದ್ದು ಆ ದುಃಖವನ್ನು ಹೊತ್ತುಕೊಂಡೇ, ಹಾಗಾಗಿ ಆಗಿನ ಹೊಗಳಿಕೆಯಲ್ಲಿ ನಟನೆಗೆ ಎಷ್ಟು, ಅಗಲಿಕೆಗೆ ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಇಷ್ಟು ವರ್ಷ ಕಳೆದ ಮೇಲೆ ನೋಡಿದರೂ ಆ ನಟನೆ ಗಟ್ಟಿಯಾಗಿಯೇ ನಿಲ್ಲುತ್ತದೆ ಅಂತ ನನಗೆ ಖಂಡಿತ ಅನ್ನಿಸುತ್ತದೆ. ಅವರಿಗೆ ಮರಣೋತ್ತರವಾಗಿ ಫಿಲ್ಮ್‌ಫೇರ್ ಪ್ರಶಸ್ತಿಯೂ ಬಂತು.

ಮರುವರ್ಷ ವಾಸು ಇದೇ ಕಥೆಯನ್ನು ರಜನಿಕಾಂತ್ ಜೊತೆ ‘ಚಂದ್ರಮುಖಿ’ ಮಾಡಿದರು. ತಮಿಳು ಚಿತ್ರದಲ್ಲಿ ನರ್ತಕಿ ತಮಿಳು ಮಾತಾಡಿದರೆ ಯಾರು ಬೆಚ್ಚುತ್ತಾರೆ? ಅಲ್ಲೂ ಆಕೆ ತೆಲುಗಿನವಳು, ಹಾಡೂ ‘ರಾ ರಾ’. ಈ ಕಥೆ ತಮಿಳಿಗೆ ಹೋಗಿದ್ದು ಕೇರಳದಿಂದ ನೇರವಾಗಿ ಅಲ್ಲ, ಬೆಂಗಳೂರಿನ ಮೂಲಕ.