ಒಟಿಪಿ ಕೇಳುತ್ತಿರುವ ಪುಟ ಯಾರದು?

ಬೆಳಿಗ್ಗೆ 9.15ಕ್ಕೆ ಷೇರುಪೇಟೆ ಶುರುವಾಗುತ್ತದೆ. ಅದಕ್ಕೆ ಹತ್ತು ನಿಮಿಷ ಮುಂಚೆ ಬೆಂಗಳೂರಿನ ಮೆಟ್ರೋದಲ್ಲೋ ಹುಬ್ಬಳ್ಳಿಯ ಅಂಗಡಿಯ ಗಲ್ಲಾದ ಮುಂದೋ ಕುಳಿತವರನ್ನು ನೋಡಿ. ಟ್ರೇಡಿಂಗ್ ಆ್ಯಪ್ ತೆರೆದು, ಪಾಸ್‌ವರ್ಡ್ ಒತ್ತಿ, ಆರಂಕಿಯ ಒಂದು ಸಂಖ್ಯೆಗಾಗಿ ಕಾಯುತ್ತಿರುತ್ತಾರೆ. ಸಂಖ್ಯೆ ಬರುವುದು ಎರಡು ಸೆಕೆಂಡ್ ತಡವಾದರೂ ಬೈಗುಳ ಗ್ಯಾರಂಟಿ.

ಈ ಎರಡನೇ ಬೀಗ ಸುಮ್ನೆ ಬಂದದ್ದಲ್ಲ. 2022ರಲ್ಲಿ ಷೇರು ವಿನಿಮಯ ಕೇಂದ್ರಗಳು ಬ್ರೋಕರ್‌ಗಳಿಗೆ ಸುತ್ತೋಲೆ ಕಳಿಸಿ, ಆ ವರ್ಷದ ಸೆಪ್ಟೆಂಬರ್ 30ರಿಂದ ಪಾಸ್‌ವರ್ಡ್ ಒಂದೇ ಸಾಲದು ಎಂದವು. ಸಾಧ್ಯವಾದರೆ ಬೆರಳಚ್ಚು, ಮುಖದಂಥ ದೇಹದ ಗುರುತು ಒಂದಿರಲಿ. ಅದು ಆಗದಿದ್ದರೆ ನಿಮಗೆ ಗೊತ್ತಿರುವ ಒಂದು ಗುಟ್ಟು ಮತ್ತು ನಿಮ್ಮ ಕೈಯಲ್ಲಿರುವ ಒಂದು ವಸ್ತು, ಎರಡೂ ಬೇಕು. ಇದಿಷ್ಟು ಸಾರಾಂಶ. ಆದರೆ ಈ ವ್ಯವಸ್ಥೆಯ ಒಳಗೆ ಇಣುಕಿದರೆ ಒಂದು ವಿಚಿತ್ರ ಕಾಣುತ್ತದೆ. ನೀವು ಯಾರು ಅಂತ ಆ್ಯಪ್‌ಗೆ ಸಾಬೀತು ಮಾಡಲು ಇಷ್ಟೆಲ್ಲಾ ಕಸರತ್ತು ಇದೆ. ಎದುರಿಗಿರುವುದು ಯಾರು ಅಂತ ನಿಮಗೆ ಸಾಬೀತು ಮಾಡುವ ಕೆಲಸವನ್ನು ಮಾತ್ರ ಬಹಳ ಕಾಲ ನಿಮ್ಮ ಕಣ್ಣಿಗೇ ಬಿಟ್ಟಿದ್ದರು.

ಮೊದಲು ಪಾಸ್‌ವರ್ಡ್ ಕಥೆ. ಕಂಪ್ಯೂಟರ್‌ಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ. ಒಂದೇ ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಪ್ರತಿಯೊಬ್ಬರ ಕಡತ ಪ್ರತ್ಯೇಕವಾಗಿರಲಿ ಅಂತ ಫರ್ನಾಂಡೊ ಕೊರ್ಬಾಟೊ ಮತ್ತವರ ತಂಡ ಪಾಸ್‌ವರ್ಡ್ ತಂದಿತು. ಹೆಚ್ಚು ದಿನ ಹೋಗಲಿಲ್ಲ. 1962ರಲ್ಲಿ ಆ್ಯಲನ್ ಶೆರ್ ಎಂಬ ಸಂಶೋಧಕ ತನಗೆ ಸಿಕ್ಕ ಯಂತ್ರದ ಸಮಯ ಸಾಲದೆ, ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಪ್ರಿಂಟ್ ತೆಗೆಸಿಕೊಂಡರು! ಪಾಸ್‌ವರ್ಡ್‌ನಷ್ಟೇ ಹಳೆಯದು ಪಾಸ್‌ವರ್ಡ್ ಕಳ್ಳತನ.

ಇದರಿಂದ ಹುಟ್ಟಿದ ಪಾಠ: ಪಾಸ್‌ವರ್ಡ್ ಅನ್ನು ಇದ್ದ ಹಾಗೆ ಬರೆದಿಡಬಾರದು. ಅದನ್ನು ಹ್ಯಾಶ್ ಎಂಬ ಲೆಕ್ಕಕ್ಕೆ ಹಾಕಿ, ಬಂದ ಉತ್ತರವನ್ನಷ್ಟೇ ಇಡಬೇಕು. ರಾಗಿ ಬೀಸಿದರೆ ಹಿಟ್ಟು ಸಿಗುತ್ತದೆ, ಹಿಟ್ಟಿನಿಂದ ಕಾಳು ವಾಪಸ್ ಬರುವುದಿಲ್ಲ. ಹ್ಯಾಶ್ ಕೂಡ ಹಾಗೇ. ನೀವು ಲಾಗಿನ್ ಆದಾಗ ಸರ್ವರ್ ನಿಮ್ಮ ಪಾಸ್‌ವರ್ಡನ್ನು ಮತ್ತೆ ಹ್ಯಾಶ್ ಮಾಡಿ, ತನ್ನಲ್ಲಿರುವ ಉತ್ತರಕ್ಕೆ ಹೋಲಿಸುತ್ತದೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಉತ್ತರ ಬೇರೆ ಬೇರೆ ಬರಲಿ ಅಂತ ಪ್ರತಿ ಖಾತೆಗೂ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಸೇರಿಸುತ್ತಾರೆ. ಅದಕ್ಕೆ ಸಾಲ್ಟ್ ಎನ್ನುತ್ತಾರೆ. ಯುನಿಕ್ಸ್ ವ್ಯವಸ್ಥೆಯಲ್ಲಿ ಇದನ್ನು ಹೇಗೆ ಮಾಡಿದೆವು ಅಂತ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಬರೆದಿದ್ದರು. ಆದರೂ 30 ವರ್ಷ ಕಳೆದ ಮೇಲೆ, 2009ರಲ್ಲಿ, ರಾಕ್‌ಯೂ ಎಂಬ ಕಂಪನಿಯಿಂದ 3 ಕೋಟಿಗೂ ಜಾಸ್ತಿ ಪಾಸ್‌ವರ್ಡ್‌ಗಳು ಸೋರಿದಾಗ ಅವೆಲ್ಲ ಇದ್ದದ್ದು ಹಸಿಹಸಿಯಾಗಿ. ಓದಿದರೆ ಅರ್ಥವಾಗುವ ಹಾಗೆ!

ಹಾಗೆ ಸೋರಿದ ಪಟ್ಟಿಗಳನ್ನು ಕಳ್ಳರು ಎಸೆಯುವುದಿಲ್ಲ. ಒಂದು ಕಡೆಯ ಪಾಸ್‌ವರ್ಡನ್ನು ನೂರು ಕಡೆ ಹಾಕಿ ನೋಡುತ್ತಾರೆ. ನೀವು ಹಾಡು ಕೇಳುವ ಆ್ಯಪ್‌ಗೂ ಡಿಮ್ಯಾಟ್ ಖಾತೆಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದರೆ, ಬ್ರೋಕರ್ ಎಷ್ಟೇ ಜೋಪಾನ ಮಾಡಿದರೂ ಲಾಭವಿಲ್ಲ. ಎರಡನೇ ಬೀಗ ಬೇಕಾದದ್ದು ಮುಖ್ಯವಾಗಿ ಇದಕ್ಕೇ.

ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿ ಈ ಬೀಗಗಳಲ್ಲಿ ಎಲ್ಲರಿಗೂ ಪರಿಚಿತ, ಎಲ್ಲಕ್ಕಿಂತ ಸಡಿಲ ಕೂಡ. ಅದು ನಿಮ್ಮ ಫೋನಿಗೆ ಅಂಟಿಕೊಂಡಿಲ್ಲ, ಸಿಮ್ಮಿಗೆ ಅಂಟಿಕೊಂಡಿದೆ. ಸುಳ್ಳು ದಾಖಲೆ ತೋರಿಸಿ ನಿಮ್ಮ ನಂಬರಿನ ಹೊಸ ಸಿಮ್ ಪಡೆದವನಿಗೆ ನಿಮ್ಮ ಒಟಿಪಿಗಳೂ ಹೋಗುತ್ತವೆ. ಹೊಸ ಸಿಮ್ ಶುರುವಾದ ಮೇಲೆ 24 ಗಂಟೆ ಎಸ್‌ಎಂಎಸ್ ಬಂದ್ ಮಾಡಬೇಕು ಅಂತ ದೂರಸಂಪರ್ಕ ಇಲಾಖೆ 2022ರಲ್ಲಿ ಹೇಳಿದ್ದು ಈ ಕಾರಣಕ್ಕೆ. ಹೊಸ ಸಿಮ್ ಹಾಕಿದ ದಿನ ಬ್ಯಾಂಕಿನ ಮೆಸೇಜ್ ಬರಲಿಲ್ಲ ಅಂತ ಗೊಣಗಿದವರು ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ನನಗೆ ಜಾಸ್ತಿ ಇಷ್ಟವಾಗುವುದು ಫೋನಿನಲ್ಲೇ ಲಾಗಿನ್ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್. ಅದನ್ನೊಮ್ಮೆ ತೆರೆದು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನೆಟ್ ಇಲ್ಲ, ಸಿಗ್ನಲ್ ಇಲ್ಲ. ಆದರೂ ಪ್ರತಿ 30 ಸೆಕೆಂಡಿಗೆ ಹೊಸ ಆರಂಕಿ ಬರುತ್ತಲೇ ಇರುತ್ತದೆ, ಅದು ಸರಿಯಾಗೂ ಇರುತ್ತದೆ. ಯಾರೂ ಕಳಿಸದ ಸಂಖ್ಯೆ ಎಲ್ಲಿಂದ ಬಂತು?

ಉತ್ತರ ಗಡಿಯಾರದಲ್ಲಿದೆ. ಮೊದಲ ದಿನ ನೀವು ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಅದರೊಳಗೆ ಒಂದು ಉದ್ದನೆಯ ಗುಟ್ಟಿನ ಸಂಖ್ಯೆ ಇತ್ತು. ಅದರ ಒಂದು ಪ್ರತಿ ನಿಮ್ಮ ಫೋನಿನಲ್ಲಿ, ಇನ್ನೊಂದು ಬ್ರೋಕರ್‌ನ ಸರ್ವರ್‌ನಲ್ಲಿ ಉಳಿಯಿತು. ಈಗ ಎರಡೂ ಕಡೆ ಒಂದೇ ಲೆಕ್ಕ ನಡೆಯುತ್ತದೆ. 1970ರ ಜನವರಿ 1ರಿಂದ ಇಲ್ಲಿಯವರೆಗೆ ಕಳೆದ ಸೆಕೆಂಡುಗಳನ್ನು 30ರಿಂದ ಭಾಗಿಸಿ, ಶೇಷವನ್ನು ಬಿಟ್ಟುಬಿಡಿ. ಆ ಸಂಖ್ಯೆ ಈಗ ಐದೂಮುಕ್ಕಾಲು ಕೋಟಿ ದಾಟಿದೆ. ಅದನ್ನೂ ಗುಟ್ಟಿನ ಸಂಖ್ಯೆಯನ್ನೂ ಸೇರಿಸಿ ಹ್ಯಾಶ್ ಮಾಡಿದರೆ 20 ಬೈಟ್‌ಗಳ ಉತ್ತರ ಬರುತ್ತದೆ. ಅದರ ಕೊನೆಯ ನಾಲ್ಕು ಬಿಟ್‌ಗಳು ‘ಇಂಥಲ್ಲಿಂದ ಓದು’ ಎಂದು ಜಾಗ ತೋರಿಸುತ್ತವೆ. ಅಲ್ಲಿಂದ ನಾಲ್ಕು ಬೈಟ್ ತೆಗೆದು, ಮೊದಲ ಬಿಟ್ ಬಿಟ್ಟು, ಉಳಿದದ್ದನ್ನು 10 ಲಕ್ಷದಿಂದ ಭಾಗಿಸಿದಾಗ ಸಿಗುವ ಶೇಷವೇ ನಿಮ್ಮ ಆರಂಕಿ. 2011ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಟಿಒಟಿಪಿ ಎಂದು ಹೆಸರು. ಫೋನಿನ ಗಡಿಯಾರ ನಾಲ್ಕೈದು ನಿಮಿಷ ಹಿಂದೆ ಬಿದ್ದರೆ ಕೋಡ್ ತಪ್ಪು ಅಂತ ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಇಲ್ಲಿ ಎರಡು ತೊಡಕುಗಳಿವೆ. ಗುಟ್ಟಿನ ಪ್ರತಿ ಎರಡು ಕಡೆ ಇದೆ ಎಂದರೆ ಕದಿಯಲು ಎರಡು ಜಾಗ ಇದೆ ಎಂದರ್ಥ. 2011ರಲ್ಲಿ ಹೀಗೇ ಕೋಡ್ ತೋರಿಸುವ ಪುಟ್ಟ ಸಾಧನಗಳನ್ನು ಮಾರುತ್ತಿದ್ದ ಆರ್‌ಎಸ್‌ಎ ಕಂಪನಿಗೆ ಹ್ಯಾಕರ್‌ಗಳು ನುಗ್ಗಿ ಅವುಗಳ ಮಾಹಿತಿ ಕದ್ದರು. ಕೊನೆಗೆ ಕಂಪನಿ ಗ್ರಾಹಕರ ಸಾಧನಗಳನ್ನು ಬದಲಿಸಿಕೊಡಲು ಒಪ್ಪಬೇಕಾಯಿತು.

ಎರಡನೆಯದು ಇನ್ನೂ ಸರಳ. ಆ ಆರಂಕಿಯನ್ನು ಓದಿ ಟೈಪ್ ಮಾಡುವುದು ನೀವು. ಎಲ್ಲಿ ಟೈಪ್ ಮಾಡುತ್ತೀರಿ ಅನ್ನುವುದು ಆ ಸಂಖ್ಯೆಗೆ ಗೊತ್ತಿಲ್ಲ.

ಕಳ್ಳರು ಬಳಸುವುದು ಇದನ್ನೇ. ಬ್ರೋಕರ್‌ನ ಲಾಗಿನ್ ಪುಟದಂತೆಯೇ ಕಾಣುವ ಒಂದು ನಕಲಿ ಪುಟ ಮಾಡುತ್ತಾರೆ. ‘ನಿಮ್ಮ ಕೆವೈಸಿ ಇಂದೇ ಮುಗಿಯುತ್ತದೆ’ ಅಂತ ಲಿಂಕ್ ಬರುತ್ತದೆ. ನೀವು ಪಾಸ್‌ವರ್ಡ್ ಹಾಕಿದ ಕೂಡಲೇ ಅವರ ಯಂತ್ರ ಅದನ್ನು ಅಸಲಿ ಪುಟಕ್ಕೆ ಹಾಕುತ್ತದೆ. ಅಸಲಿ ಪುಟ ಕೋಡ್ ಕೇಳುತ್ತದೆ, ನಕಲಿಯೂ ನಿಮ್ಮನ್ನು ಕೇಳುತ್ತದೆ. ನೀವು ಕೊಟ್ಟ ಆರಂಕಿ 30 ಸೆಕೆಂಡ್ ಮುಗಿಯುವ ಮೊದಲೇ ಆ ಕಡೆ ತಲುಪುತ್ತದೆ. ಒಳಗೆ ಹೋದವರು ಅವರು, ನೀವಲ್ಲ.

2022ರ ಜುಲೈ 20ರಂದು ಕ್ಲೌಡ್‌ಫ್ಲೇರ್ ಕಂಪನಿಯಲ್ಲಿ ನಡೆದದ್ದು ಇಂಥದ್ದೇ ಪ್ರಯತ್ನ. ಕನಿಷ್ಠ 76 ಸಿಬ್ಬಂದಿಗೆ ನಕಲಿ ಮೆಸೇಜ್ ಬಂತು. ಅದರಲ್ಲಿದ್ದ ವೆಬ್ ವಿಳಾಸ ನೋಂದಣಿಯಾಗಿ 40 ನಿಮಿಷವೂ ಆಗಿರಲಿಲ್ಲ. ಅಂತರಜಾಲದ ಭದ್ರತೆಯನ್ನೇ ಕಸುಬು ಮಾಡಿಕೊಂಡ ಕಂಪನಿಯಲ್ಲೂ ಮೂವರು ತಮ್ಮ ಪಾಸ್‌ವರ್ಡ್ ಟೈಪ್ ಮಾಡಿಬಿಟ್ಟರು. ‘ಜನ ಎಚ್ಚರಿಕೆಯಿಂದ ಇರಬೇಕು’ ಅನ್ನುವ ಪೋಸ್ಟರ್‌ಗಳ ಬಗ್ಗೆ ನನಗೆ ನಂಬಿಕೆ ಕಡಿಮೆ ಇರುವುದು ಇದಕ್ಕೇ. ಅವಸರದಲ್ಲಿರುವ ಮನುಷ್ಯ ಅಕ್ಷರ ಅಕ್ಷರವಾಗಿ ವಿಳಾಸ ಓದುವುದಿಲ್ಲ. ಅದು ಅವನ ತಪ್ಪೂ ಅಲ್ಲ.

ಬ್ರೌಸರ್‌ನಲ್ಲಿ ವೆಬ್ ವಿಳಾಸದ ಪಕ್ಕ ಇರುವ ಬೀಗದ ಚಿತ್ರ ನೋಡಿ ನಂಬಿ ಅಂತ ನಮಗೆ ವರ್ಷಗಟ್ಟಲೆ ಹೇಳಿದ್ದರು, ಅಲ್ವಾ? ಆ ಬೀಗ ಹೇಳುತ್ತಿದ್ದುದು ನಿಮಗೂ ಆ ಪುಟಕ್ಕೂ ನಡುವೆ ಮಾತುಕತೆ ಗುಟ್ಟಾಗಿದೆ ಅಂತ ಅಷ್ಟೇ. ಪುಟ ಕಳ್ಳನದ್ದಾದರೆ, ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದ ಹಾಗಾಯಿತು. ಆ ಬೀಗ ಬರಲು ಬೇಕಾದ ಡಿಜಿಟಲ್ ಪ್ರಮಾಣಪತ್ರ ಪುಕ್ಕಟೆಯಾಗಿ ಸಿಗುವುದರಿಂದ ನಕಲಿ ಪುಟಗಳಲ್ಲೂ ಬೀಗ ಇರುತ್ತದೆ. 2023ರಲ್ಲಿ ಕ್ರೋಮ್ ಬ್ರೌಸರ್ ಆ ಚಿತ್ರವನ್ನೇ ತೆಗೆದುಹಾಕಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿದಿದೆ: 2025ರ ಅಕ್ಟೋಬರ್ 31ರ ಒಳಗೆ ಬ್ಯಾಂಕುಗಳ ವಿಳಾಸಗಳೆಲ್ಲ ‘ಬ್ಯಾಂಕ್ ಡಾಟ್ ಇನ್’ ಎಂದೇ ಕೊನೆಯಾಗಬೇಕು ಎಂದಿತು. ಆ ಬಾಲ ಬೇರೆ ಯಾರಿಗೂ ಸಿಗುವುದಿಲ್ಲ. ಒಳ್ಳೆಯದೇ. ಆದರೂ ನೋಡಬೇಕಾದವರು ನಾವೇ.

ಕ್ಲೌಡ್‌ಫ್ಲೇರ್ ಕಥೆಗೆ ಬರೋಣ. ಪಾಸ್‌ವರ್ಡ್ ಹೋಯಿತು, ಆದರೂ ಕಳ್ಳರಿಗೆ ಒಳಗೆ ಹೋಗಲಾಗಲಿಲ್ಲ. ಅಲ್ಲಿನ ಪ್ರತಿ ಸಿಬ್ಬಂದಿಯ ಕೈಯಲ್ಲೂ ಭದ್ರತಾ ಕೀ ಎಂಬ ಪುಟ್ಟ ಸಾಧನ ಇತ್ತು, ಅದಿಲ್ಲದೆ ಲಾಗಿನ್ ಆಗುವುದಿಲ್ಲ. ಅದರ ಹಿಂದಿರುವ ಗಣಿತವೇ ಇಂದು ಫೋನುಗಳಲ್ಲಿ ಪಾಸ್‌ಕೀ ಎಂಬ ಹೆಸರಿನಲ್ಲಿ ಬರುತ್ತಿದೆ.

ಪಾಸ್‌ಕೀಯಲ್ಲಿ ಗುಟ್ಟನ್ನು ಯಾರಿಗೂ ಹೇಳುವುದೇ ಇಲ್ಲ. ಖಾತೆ ಮಾಡುವಾಗ ನಿಮ್ಮ ಫೋನ್ ಎರಡು ಕೀಲಿಗಳನ್ನು ಒಟ್ಟಿಗೆ ಹುಟ್ಟಿಸುತ್ತದೆ. ಖಾಸಗಿ ಕೀಲಿ ನಿಮ್ಮ ಬಳಿಯೇ ಉಳಿಯುತ್ತದೆ. ಸಾರ್ವಜನಿಕ ಕೀಲಿ ಸರ್ವರ್‌ಗೆ ಹೋಗುತ್ತದೆ. ಅದನ್ನು ಕದ್ದು ಪ್ರಯೋಜನವಿಲ್ಲ. ಲಾಗಿನ್ ಆಗುವಾಗ ಸರ್ವರ್ ಪ್ರತಿ ಸಲವೂ ಹೊಸದೊಂದು ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಫೋನ್ ನಿಮ್ಮ ಬೆರಳು ಅಥವಾ ಪಿನ್ ಕೇಳಿ, ಖಾಸಗಿ ಕೀಲಿಯಿಂದ ಆ ಸಂಖ್ಯೆಗೆ ಸಹಿ ಹಾಕಿ ವಾಪಸ್ ಕೊಡುತ್ತದೆ. ಸಹಿ ಸರಿ ಇದೆಯೇ ಅಂತ ಸಾರ್ವಜನಿಕ ಕೀಲಿಯಿಂದ ನೋಡಬಹುದು, ಸಹಿಯನ್ನು ಹುಟ್ಟಿಸಲು ಆಗುವುದಿಲ್ಲ. ಹೀಗೆ ಒಂದು ಕೀಲಿಯನ್ನು ಊರಿಗೆಲ್ಲ ಕೊಡಬಹುದು ಅನ್ನುವ ಯೋಚನೆಯನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಮುಂದಿಟ್ಟರು. ಬೆರಳಚ್ಚು ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ; ಅದರ ಕೆಲಸ ಕೀಲಿ ಬಳಸಲು ಅಪ್ಪಣೆ ಕೊಡುವುದಷ್ಟೇ.

ನಕಲಿ ಪುಟ ಸೋಲುವುದು ಇನ್ನೊಂದು ಕಡೆ. ಖಾಸಗಿ ಕೀಲಿ ಹುಟ್ಟುವಾಗಲೇ ಅದನ್ನು ಒಂದು ವೆಬ್ ವಿಳಾಸಕ್ಕೆ ಕಟ್ಟಿಹಾಕಿರುತ್ತಾರೆ. ಈಗ ತೆರೆದಿರುವ ಪುಟದ ವಿಳಾಸವನ್ನು ಬ್ರೌಸರ್ ತಾನೇ ಓದಿ, ಸಹಿ ಹಾಕುವ ಮಾಹಿತಿಯೊಳಗೆ ಸೇರಿಸುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಕೀಲಿ ಸಿಗುವುದಿಲ್ಲ. ನಿಮ್ಮ ಕಣ್ಣು ಮೋಸ ಹೋಗಬಹುದು, ಬ್ರೌಸರ್ ಹೋಗುವುದಿಲ್ಲ. ಫೋನ್ ಮಾಡಿ ‘ಸರ್, ಕೋಡ್ ಹೇಳಿ’ ಅನ್ನುವವನಿಗೆ ಹೇಳಲು ಕೋಡೇ ಇಲ್ಲ. ಈ ವಿಧಾನ 2019ರ ಮಾರ್ಚ್‌ನಲ್ಲಿ ವೆಬ್‌ನ ಅಧಿಕೃತ ಮಾನದಂಡವಾಯಿತು. ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿ ಪಾಸ್‌ಕೀ ಆಯ್ಕೆ ಇದ್ದರೆ ಮೊದಲು ಅದನ್ನು ಹಾಕಿಕೊಳ್ಳಿ. ಇಲ್ಲದಿದ್ದರೆ ಎಸ್‌ಎಂಎಸ್‌ಗಿಂತ ಟಿಒಟಿಪಿ ವಾಸಿ.

ಇದರಲ್ಲಿ ಸಹಿ ಹಾಕುವ ಭಾಗ ನಮ್ಮ ವ್ಯಾಪಾರಸ್ಥರಿಗೆ ಹೊಸದೇನಲ್ಲ. ಕರ್ನಾಟಕ ಸರ್ಕಾರದ ಇ-ಟೆಂಡರ್‌ಗೆ ಬಿಡ್ ಹಾಕುವ ಗುತ್ತಿಗೆದಾರರನ್ನು ಕೇಳಿ. ಪೆನ್‌ಡ್ರೈವ್‌ನಂಥ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಡಾಂಗಲ್ ಅವರ ಬಳಿ ಇರುತ್ತದೆ. ಅದರ ಚಿಪ್‌ನೊಳಗೆ ಖಾಸಗಿ ಕೀಲಿ ಇದೆ, ಅದು ಹೊರಗೆ ಬರುವುದಿಲ್ಲ, ಸಹಿ ಅಲ್ಲೇ ಆಗುತ್ತದೆ. 2000ದ ಐಟಿ ಕಾಯ್ದೆ ಇದಕ್ಕೆ ಕೈಬರಹದ ಸಹಿಯಷ್ಟೇ ಬೆಲೆ ಕೊಟ್ಟಿದೆ. ಗಣಿತ ಗಟ್ಟಿಯಾಗಿದೆ, ಕಾನೂನೂ ಇದೆ.

ಆದರೆ ಡಾಂಗಲ್ ಎಲ್ಲಿದೆ? ಬಹಳಷ್ಟು ಕಡೆ ಆಡಿಟರ್ ಆಫೀಸಿನ ಡ್ರಾಯರ್‌ನಲ್ಲಿ. ಮೇಲೆ ಒಂದು ಚೀಟಿ, ಚೀಟಿಯ ಮೇಲೆ ಪಾರ್ಟಿ ಹೆಸರು, ಕೆಳಗೆ ಪಿನ್. ರಿಟರ್ನ್ ಹಾಕುವ ದಿನ ಮಾಲೀಕರು ಊರಲ್ಲಿ ಇರುವುದಿಲ್ಲ, ಕೆಲಸ ನಿಲ್ಲಬಾರದಲ್ಲ! ಅದೇ ಕಾಯ್ದೆಯ 42ನೇ ಕಲಂ ಮಾತ್ರ ಖಾಸಗಿ ಕೀಲಿಯ ಹಿಡಿತ ತಪ್ಪದ ಹಾಗೆ ನೋಡಿಕೊಳ್ಳುವುದು ಅದರ ಒಡೆಯನ ಹೊಣೆ ಎನ್ನುತ್ತದೆ. ಆ ಡಾಂಗಲ್‌ನಿಂದ ಯಾರೋ ಏನೋ ಸಹಿ ಮಾಡಿದರೆ, ‘ಅದು ನಾನಲ್ಲ’ ಅಂತ ತೋರಿಸುವ ಪಾಡು ನಿಮ್ಮದೇ. ಅಂಗಡಿಯ ಒಂದೇ ಟ್ರೇಡಿಂಗ್ ಪಾಸ್‌ವರ್ಡ್ ಅಣ್ಣ, ತಮ್ಮ, ಗುಮಾಸ್ತ ಮೂವರಿಗೂ ಗೊತ್ತಿರುವ ಕಡೆಯೂ ಇದೇ ತಾಪತ್ರಯ. ಸಿಬ್ಬಂದಿಗೆ ಪ್ರತ್ಯೇಕ ಯೂಸರ್ ಐಡಿ ಕೊಡುವ ಸೌಲಭ್ಯ ಇರುವ ಕಡೆ ಅದನ್ನು ಬಳಸಿದರೆ, ಯಾರು ಏನು ಮಾಡಿದರು ಅನ್ನುವುದಾದರೂ ದಾಖಲೆಯಲ್ಲಿ ಉಳಿಯುತ್ತದೆ.

ಇನ್ನು ಪಾಸ್‌ಕೀಗೂ ಬಗ್ಗದ ಒಂದು ಮೋಸ ಇದೆ. ಲಾಗಿನ್ ಪೂರ್ತಿ ಸುರಕ್ಷಿತ, ವೇದಿಕೆಯೇ ಸುಳ್ಳು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಗುರು’ ಒಬ್ಬರು ದಿನಾ ಷೇರು ಹೇಳುತ್ತಾರೆ, ಒಂದು ಆ್ಯಪ್ ಹಾಕಿಕೊಳ್ಳಿ ಅನ್ನುತ್ತಾರೆ. ಆ್ಯಪ್ ಪಾಸ್‌ವರ್ಡ್ ಕೇಳುತ್ತದೆ, ಒಟಿಪಿ ಕಳಿಸುತ್ತದೆ, ತೆರೆದರೆ ಲಾಭ ಹಸಿರು ಬಣ್ಣದಲ್ಲಿ ಏರುತ್ತಿರುತ್ತದೆ. ಒಟಿಪಿ ಬಂತು ಅನ್ನುವ ಕಾರಣಕ್ಕೇ ನಂಬಿದವರಿದ್ದಾರೆ. ಪರದೆಯ ಮೇಲಿನ ಆ ಲಾಭ ಕಳ್ಳರು ಬರೆದಿಟ್ಟ ಅಂಕಿ. ಷೇರುಪೇಟೆಗೂ ಅದಕ್ಕೂ ಸಂಬಂಧವಿಲ್ಲ. ಹಣ ವಾಪಸ್ ಕೇಳಿದ ದಿನ ‘ಮೊದಲು ತೆರಿಗೆ ಕಟ್ಟಿ’ ಎಂಬ ಮೆಸೇಜ್ ಬರುತ್ತದೆ.

ಇದನ್ನು ಹಿಡಿಯಬೇಕಾದದ್ದು ಲಾಗಿನ್‌ನಲ್ಲಿ ಅಲ್ಲ, ಮೊದಲ ರೂಪಾಯಿ ಕಳಿಸುವಾಗ. 2025ರ ಅಕ್ಟೋಬರ್ 1ರಿಂದ ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಬ್ರೋಕರ್‌ಗಳಿಗೆ ಪ್ರತ್ಯೇಕ ಯುಪಿಐ ವಿಳಾಸ ಬಂದಿದೆ. ಅದರಲ್ಲಿ ‘ಬಿಆರ್‌ಕೆ’ ಎಂದೂ, ‘@’ ಗುರುತಿನ ನಂತರ ‘ವ್ಯಾಲಿಡ್’ ಎಂಬ ಪದವೂ ಬ್ಯಾಂಕಿನ ಹೆಸರೂ ಇರುತ್ತವೆ. ಹಣ ಕಳಿಸುವಾಗ ಹಸಿರು ತ್ರಿಕೋನದೊಳಗೆ ಹೆಬ್ಬೆರಳಿನ ಚಿತ್ರ ಕಾಣುತ್ತದೆ. ಯಾರದೋ ಹೆಸರಿನ ಉಳಿತಾಯ ಖಾತೆಗೋ, ದಿನಕ್ಕೊಂದು ಬದಲಾಗುವ ಯುಪಿಐ ಐಡಿಗೋ ಹಣ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ. ಆಗಲೇ ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಿಗಿದು ಕೈ ತಪ್ಪುವ ಮೊದಲು ಅದನ್ನು ಎಲ್ಲಾದರೂ ತಡೆಹಿಡಿಯಲು ಸಿಗುವುದು ಮೊದಲ ಕೆಲವು ಗಂಟೆಗಳು ಮಾತ್ರ.